ಹೊತ್ತು, ಕಾಲ, ಮಳೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಉಣಕಲ್ ದಾಟಿದರೆ ಬೈರಿದೇವರಕೊಪ್ಪ ಸಿಗುತ್ತದೆ. ಇಂದು ಅದು ಅವಳಿನಗರದ ಒಂದು ಭಾಗ. ಆದರೂ ಈ ಸೀಮೆಯ ಹಿರಿಯರ ಮಾತಿನಲ್ಲಿ ಎರೆಹೊಲದ ಪಂಚಾಂಗ ಉಳಿದುಕೊಂಡಿದೆ. ‘ಹೊತ್ತು ಮುಳುಗಿತು’ ಎಂದರೆ ಮುಳುಗಿದ್ದು ಸೂರ್ಯ. ‘ಹೊತ್ತಾತು’ ಎಂದರೆ ಮೀರಿದ್ದು ವೇಳೆ. ಶಬ್ದ ಮಾತ್ರ ಒಂದೇ. ಹಳಗನ್ನಡದ ‘ಪೊೞ್ತು’ ಇದರ ಹಿಂದಿನ ರೂಪ. ತೆಲುಗಿನ ‘ಪೊದ್ದು’ ಕೂಡ ಸೂರ್ಯನಿಗೂ ವೇಳೆಗೂ ಸಲ್ಲುತ್ತದೆ. ಆಕಾಶವೇ ಗಡಿಯಾರವಾಗಿದ್ದವರಿಗೆ ಇವೆರಡಕ್ಕೆ ಬೇರೆ ಬೇರೆ ಹೆಸರು ಬೇಕಾಗಿರಲಿಲ್ಲ.

ಇದು ದ್ರಾವಿಡ ಭಾಷೆಗಳಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಲ್ಯಾಟಿನ್ನಿನಲ್ಲಿ ‘ಟೆಂಪಸ್’ ಎಂದರೆ ಕಾಲ. ಆ ಭಾಷೆಯಿಂದ ಹುಟ್ಟಿದ ಫ್ರೆಂಚಿನಲ್ಲಿ ಅದು ‘ತಾಂ’, ಸ್ಪ್ಯಾನಿಷಿನಲ್ಲಿ ‘ತಿಯೆಂಪೊ’, ಇಟಾಲಿಯನ್ನಿನಲ್ಲಿ ‘ತೆಂಪೊ’ ಆಯಿತು. ಈ ಮೂರೂ ಶಬ್ದಗಳು ಕಾಲವನ್ನೂ ಹವೆಯನ್ನೂ ಸೂಚಿಸುತ್ತವೆ. ಇಟಲಿಯವನು ‘ತೆಂಪೊ ಹೇಗಿದೆ’ ಎಂದು ಕೇಳಿದರೆ ಅವನಿಗೆ ಬೇಕಾದದ್ದು ಮಳೆ ಬಿಸಿಲುಗಳ ಸುದ್ದಿ. ಅದೇ ಮೂಲದ ‘ಟೆಂಪೆಸ್ಟಾಸ್’ ಮೊದಲು ಕಾಲಾವಧಿಯನ್ನು, ಬಳಿಕ ಹವೆಯನ್ನು, ಕೊನೆಗೆ ಬಿರುಗಾಳಿಯನ್ನು ಹೇಳತೊಡಗಿತು. ಇಂಗ್ಲಿಷಿನ ‘ಟೆಂಪೆಸ್ಟ್’ ಬಂದದ್ದು ಅಲ್ಲಿಂದಲೇ.

ನಮ್ಮ ಮುಂಗಾರಿಗೆ ಜಗತ್ತು ಕೊಟ್ಟಿರುವ ಹೆಸರಿನಲ್ಲೂ ಇದೇ ಬೆಸುಗೆ ಇದೆ. ಅರಬ್ಬಿಯ ‘ಮೌಸಿಮ್’ ಎಂದರೆ ಗೊತ್ತಾದ ಕಾಲ, ಋತು. ಅದು ಹಿಂದಿಯಲ್ಲಿ ‘ಮೌಸಮ್’ ಆಗಿ ಹವೆಯ ಹೆಸರಾಯಿತು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಲ್ಯಾಟಿನ್ ವಂಶದ ತಮ್ಮ ಭಾಷೆಗೂ ಇದನ್ನು ತೆಗೆದುಕೊಂಡರು. ಅವರ ಬಾಯಿಂದ ಯುರೋಪಿಗೆ ಹಬ್ಬಿದ ಆ ಶಬ್ದವೇ ‘ಮಾನ್ಸೂನ್’. ಸಂಸ್ಕೃತದ ‘ವರ್ಷ’ವಂತೂ ಮಳೆಯೂ ಹೌದು, ಸಂವತ್ಸರವೂ ಹೌದು. ಶತಾಬ್ದದಲ್ಲಿರುವ ‘ಅಬ್ದ’ಕ್ಕೆ ನೀರು ಕೊಡುವುದು, ಅಂದರೆ ಮೋಡ, ಎಂಬ ಅರ್ಥವೂ ಇದೆ.

ಕನ್ನಡದ ರೈತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13–14 ದಿನಗಳನ್ನು ಅವನು ‘ಮಳೆ’ ಎಂದೇ ಕರೆದ. ಮೇ ಕೊನೆಯ ವಾರ ರೋಹಿಣಿ ಮಳೆ, ಜೂನ್ 7–8ರ ಸುಮಾರಿಗೆ ಮಿರಗ, ಮುಂದೆ ಆರಿದ್ರಾ. ಹೀಗೆ ಮಘೆ, ಹುಬ್ಬಿ, ಉತ್ತರಿ, ಚಿತ್ತಿಗಳವರೆಗೆ. ಒಂದು ಹನಿ ಬೀಳದಿದ್ದರೂ ‘ರೋಹಿಣಿ ಮಳಿ ಹೋತು’ ಎನ್ನುವುದುಂಟು. ಹೋದದ್ದು ನೀರಲ್ಲ, ನೀರು ಬರಬೇಕಾಗಿದ್ದ ಹೊತ್ತು. ಇಂಥ ಮಳೆಗಳು ಸಾಲಾಗಿ ಒಣಗಿ ಹೋದರೆ ಬರುವುದು ಬರಗಾಲ. 1876–78ರ ಭೀಕರ ಕ್ಷಾಮ ಧಾರವಾಡ ಸೀಮೆಯನ್ನೂ ಬಿಡಲಿಲ್ಲ. ‘ಬರ’ಕ್ಕೂ ‘ಕಾಲ’ವನ್ನು ಅಂಟಿಸಿಯೇ ಹೇಳುವುದು ನಮ್ಮ ಭಾಷೆಯ ರೂಢಿ.

ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ‘ಹವಾಮಾನ’ ಎಂಬ ಶಬ್ದದಲ್ಲಿ ಗಾಳಿ ಎಂಬರ್ಥದ ಅರಬ್ಬಿಯ ‘ಹವಾ’ ಇದೆ, ಅಳತೆ ಎಂಬರ್ಥದ ಸಂಸ್ಕೃತದ ‘ಮಾನ’ ಇದೆ. ಕಾಲ ಮಾತ್ರ ಇಲ್ಲ. ಅಳತೆಯಿಂದ ಆದ ಉಪಕಾರ ದೊಡ್ಡದು. ಮುನ್ಸೂಚನೆ, ಚಂಡಮಾರುತದ ಎಚ್ಚರಿಕೆ ಎಲ್ಲವೂ ಅದರ ಫಲ. ಆದರೆ ಮಿಲಿಮೀಟರಿನ ಅಂಕಿ ಒಂದನ್ನೇ ಹಿಡಿದು ಹೊಲದ ಲೆಕ್ಕ ಮುಗಿಯುವುದಿಲ್ಲ. ಮಿರಗದಲ್ಲಿ ಹದವಾಗಿ ಬಿದ್ದ ಮಳೆಗೆ ಹೆಸರು ಬಿತ್ತಬಹುದು. ಅದೇ ಮಳೆ ಆಗಸ್ಟ್ ಉತ್ತರಾರ್ಧದ ಮಘೆಯಲ್ಲಿ ಹಿಡಿದು ಬಿದ್ದರೆ, ಕೊಯ್ಲಿಗೆ ಬಂದ ಹೆಸರುಕಾಯಿ ಗಿಡದಲ್ಲೇ ಮೊಳೆತು ಕೆಡುತ್ತದೆ. ನೀರು ಅಷ್ಟೇ, ಹೊತ್ತು ಬೇರೆ.

ಮಳೆಯ ಹೆಸರುಗಳನ್ನು ಪಂಚಾಂಗಗಳು ಇಂದಿಗೂ ಅಚ್ಚು ಮಾಡುತ್ತವೆ. ಹೊಲ ನಿವೇಶನವಾದ ಕಡೆ ಅವುಗಳನ್ನು ಹೇಳಿ ಬಿತ್ತುವವರು ಕಡಿಮೆಯಾಗುವುದು ಸಹಜ. ಆಗ ಮರೆತುಹೋಗುವುದು ನಕ್ಷತ್ರಗಳ ಒಂದು ಪಟ್ಟಿಯಷ್ಟೇ ಅಲ್ಲ. ಎಷ್ಟು ಬಿತ್ತು ಎಂಬುದರ ಜೊತೆಗೆ ಯಾವಾಗ ಬಿತ್ತು ಎಂಬುದನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದ ರೂಢಿಯೂ ಮರೆತುಹೋಗುತ್ತದೆ.