ದಾನ ಕೊಟ್ಟವಳ ತವರು

ಹೆಳವರು ಬಂದು ಮನೆತನದ ವಂಶ ಹೇಳುವಾಗ ಎಳೆ ಸಾಗುವುದು ಅಪ್ಪನಿಂದ ಮಗನಿಗೆ. ಕೊಟ್ಟ ಮನೆಗೆ ಹೋದ ಹೆಣ್ಣುಮಗಳ ಹಿಂದಿನದನ್ನು ಅಲ್ಲಿ ಹುಡುಕುವುದು ಕಷ್ಟ. ಹಳಗಾಲದ ಹೆಣ್ಣಿಗೆ ದಾಖಲೆಯಲ್ಲಿ ತವರೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಕೊಪ್ಪಳಕ್ಕೆ ನೆರೆಯ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನೇ ನೋಡಿ. 993ರಲ್ಲಿ ಅವಳ ಆಶ್ರಯದಲ್ಲಿ ರನ್ನ ಬರೆದ ಅಜಿತಪುರಾಣವು ಅವಳ ವಂಶವನ್ನು ವೆಂಗಿ ನಾಡಿನ ಪುಂಗನೂರಿನ ನಾಗಮಯ್ಯನಿಂದ ಹಿಡಿಯುತ್ತದೆ. ಅವನ ಮಕ್ಕಳು ಮಲ್ಲಪಯ್ಯ, ಪೊನ್ನಮಯ್ಯ. ಮಲ್ಲಪಯ್ಯನ ಮಗಳು ಅತ್ತಿಮಬ್ಬೆ. ಚಾಳುಕ್ಯ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವ ಅವಳ ಗಂಡ, ಅಣ್ಣಿಗದೇವ ಮಗ. ತವರು, ಅತ್ತೆಮನೆ ಎರಡೂ ಇಲ್ಲಿ ತುಂಬಿ ಬಂದಿವೆ.

ಆಶ್ರಯ ಪಡೆದ ಕವಿಯ ಮಾತನ್ನು ನಂಬುವುದು ಹೇಗೆ ಎಂದು ಕೇಳಬಹುದು. ರನ್ನ ಅತ್ತಿಮಬ್ಬೆಯ ನಡತೆಯನ್ನು ಕೊಪಣದ, ಅಂದರೆ ಇಂದಿನ ಕೊಪ್ಪಳದ, ಬೆಟ್ಟದಷ್ಟು ಪವಿತ್ರವೆಂದದ್ದು ಹೊಗಳಿಕೆ, ನಿಜ. ಆದರೆ ಗುಣವನ್ನು ಹಿಗ್ಗಿಸಿದಷ್ಟು ಸುಲಭವಾಗಿ, ಬದುಕಿದ್ದ ಬಂಧುಬಳಗದ ಎದುರು ತಂದೆ ತಾತಂದಿರ ಹೆಸರನ್ನು ತಿರುಚಲಾಗದು. ಅಲ್ಲದೆ, ಒಂದು ತಲೆಮಾರು ಮೊದಲೇ ಕವಿ ಪೊನ್ನನಿಂದ ಶಾಂತಿಪುರಾಣ ಬರೆಸಿದವರು ಇದೇ ಮಲ್ಲಪಯ್ಯ, ಪೊನ್ನಮಯ್ಯ. ಅತ್ತಿಮಬ್ಬೆಯನ್ನು ಮೆಚ್ಚಿಸುವ ಹಂಗು ಪೊನ್ನನಿಗಿರಲಿಲ್ಲ. ಆ ಕಾವ್ಯದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಅವಳ ಕೀರ್ತಿ. ತವರಿನ ಹೆಸರನ್ನೂ ಅವಳೇ ಊರೂರಿಗೆ ಕಳಿಸಿದಂತಾಯಿತು. 1007ರ ಲಕ್ಕುಂಡಿಯ ಶಾಸನ ಅವಳ ದಾನಧರ್ಮವನ್ನು ಕಲ್ಲಿನಲ್ಲಿ ನಿಲ್ಲಿಸಿತು.

ಸಿರಿವಂತರ ಮನೆಯವಳು, ಅದಕ್ಕೇ ಉಳಿದಳು ಎಂಬ ಆಕ್ಷೇಪಕ್ಕೆ ತೂಕವಿದೆ. ಹೊಲದಲ್ಲಿ ದುಡಿದ ಹೆಣ್ಣಿಗೆ ಕಾವ್ಯವೂ ಸಿಗಲಿಲ್ಲ, ಕಲ್ಲೂ ಸಿಗಲಿಲ್ಲ. ಆದರೂ ಸಿರಿಯೊಂದೇ ಸಾಲದು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿಯ ಆವರಣದಲ್ಲಿ ತಂದೆಯ ಹೆಸರಿನ ಮೂರ್ತಿನಾರಾಯಣ, ತಾಯಿಯ ಹೆಸರಿನ ಚಂದ್ರಲೇಶ್ವರಿ ಗುಡಿಗಳಿವೆ. ಆ ತಾಯಿಯ ನೆನಪು ನಿಂತದ್ದು ಮಗನ ದಾನದಿಂದ, ಮಗನ ತಾಯಿಯಾಗಿ. ಇದಕ್ಕಿಂತ ಗಟ್ಟಿ ಪುರಾವೆ ಅತ್ತಿಮಬ್ಬೆಯ ಮನೆಯೊಳಗೇ ಇದೆ. ತಂಗಿ ಗುಂಡಮಬ್ಬೆಗೂ ಅದೇ ತಂದೆ, ಅದೇ ಸಿರಿ. ಗಂಡನೂ ಅದೇ ನಾಗದೇವ. ಅವನು ಸತ್ತಾಗ ಅವಳು ಸಹಗಮನ ಮಾಡಿದಳು. ಅಕ್ಕ ಉಳಿದು, ಮಗನನ್ನು ಬೆಳೆಸಿ, ತನ್ನ ಕೈಯಾರೆ ದಾನ ಕೊಟ್ಟಳು. ಇಂದು ಗುಂಡಮಬ್ಬೆ ನಮಗೆ ಗೊತ್ತಿರುವುದು ಅಕ್ಕನ ಕಥೆಯಲ್ಲಿ ಬರುವಷ್ಟು ಮಾತ್ರ.