ಕಾದಾಗ ಮರೆಯುವ ಅಯಸ್ಕಾಂತ

ಕಾಲೇಜಿನಲ್ಲಿದ್ದಾಗ ಅಪ್ಪನ ರೇಡಿಯೋ ರಿಪೇರಿ ಮಾಡಲು ಹೋಗಿ ಅದರ ಕಥೆಯನ್ನೇ ಮುಗಿಸಿದ್ದೆ. ಎಸ್.ಪಿ. ರೋಡಿನಲ್ಲಿ ಕೊಂಡ ಅಗ್ಗದ ಸೋಲ್ಡರಿಂಗ್ ಐರನ್ನು, ಪ್ಲಗ್ಗಿಗೆ ಹಾಕಿದರೆ ಕಾಯುತ್ತಲೇ ಇರುತ್ತಿತ್ತು. ಬೋರ್ಡಿನ ತಾಮ್ರದ ಗೆರೆಗಳು ಸಿಪ್ಪೆಯ ಹಾಗೆ ಎದ್ದು ಬಂದವು. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು...

ತವರ-ಸೀಸದ 63/37 ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಕಷ್ಟ ಇರುವುದು ಶಾಖವನ್ನು ಹಿಡಿತದಲ್ಲಿಡುವುದರಲ್ಲಿ. ಅಮೆರಿಕದ ಕಾರ್ಲ್ ವೆಲ್ಲರ್‌ಗೆ 1946ರಲ್ಲಿ ಪೇಟೆಂಟ್ ಸಿಕ್ಕ ಸೋಲ್ಡರಿಂಗ್ ಗನ್ ಬೇಗ ಕಾಯುತ್ತಿತ್ತು, ಅಷ್ಟೇ. ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ್ದು ಅವನ ಕಂಪನಿ ಆಮೇಲೆ ತಂದ ಮ್ಯಾಗ್ನಾಸ್ಟಾಟ್. ಕಾದ ಕಬ್ಬಿಣ ಒಂದು ಹಂತ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. 1895ರಲ್ಲಿ ಪಿಯರೆ ಕ್ಯೂರಿ ಇದನ್ನೇ ವಿವರವಾಗಿ ಅಳೆದಿದ್ದ. ಮ್ಯಾಗ್ನಾಸ್ಟಾಟ್‌ನ ತುದಿಯ ಹಿಂಬದಿಯಲ್ಲಿ ಅಂಥದೇ ಮಿಶ್ರಲೋಹದ ಬಿಲ್ಲೆ. ತಣ್ಣಗಿದ್ದಾಗ ಹಿಡಿಯೊಳಗಿನ ಅಯಸ್ಕಾಂತವನ್ನು ಎಳೆದು ಸ್ವಿಚ್ ಹಾಕುತ್ತದೆ, ಕಾದರೆ ಬಿಟ್ಟುಬಿಡುತ್ತದೆ, ಸ್ಪ್ರಿಂಗು ಸ್ವಿಚ್ ಆರಿಸುತ್ತದೆ. ಚಿಪ್ಪಿಲ್ಲ, ತಿರುಗುಗುಂಡಿ ಇಲ್ಲ! ಶಾಖ ಬದಲಿಸಬೇಕೇ, ತುದಿ ಬದಲಿಸಿ. 7ನೇ ನಂಬರಿನದು ಸುಮಾರು 370 ಡಿಗ್ರಿ.

2006ರ ಜುಲೈನಿಂದ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿತು. ಸೀಸವಿಲ್ಲದ ಸಾಮಾನ್ಯ ಬೆಸುಗೆಗೆ 217 ಡಿಗ್ರಿಯಾದರೂ ಬೇಕು, ಹಾಗಾಗಿ ಒಳ್ಳೆಯ ಸ್ಟೇಷನ್ನಿಗೆ ಬೆಲೆ ಬಂತು. ಕೊಳ್ಳುವವರಿಗೆ ಒಂದು ಮಾತು: ವ್ಯಾಟ್‌ಗಿಂತ ಮೊದಲು ಬದಲಿ ತುದಿ ಸಿಗುತ್ತದೆಯೇ ಕೇಳಿ. ಆ ತುದಿಗೆ ಅರ ಹಾಕಬೇಡಿ, ಕಬ್ಬಿಣದ ಲೇಪ ಹೋದರೆ ಬೆಸುಗೆ ತಾಮ್ರವನ್ನೇ ತಿನ್ನುತ್ತದೆ.

ಕಳೆದ ವರ್ಷ ಹಳೆಯ ಮ್ಯಾಗ್ನಾಸ್ಟಾಟ್ ಒಂದು ಕೈಗೆ ಬಂತು. ಆಗಾಗ 'ಟಿಕ್' ಅನ್ನುತ್ತದೆ. ಎದ್ದುಹೋದ ಗೆರೆಗಳ ಜಾಗಕ್ಕೆ ತಂತಿ ಬೆಸೆದೆ. ಅಪ್ಪನ ರೇಡಿಯೋ ಈಗ ಮೀಡಿಯಂ ವೇವ್ ಮಾತ್ರ ಹಿಡಿಯುತ್ತದೆ :)