ಗಡಿನಾಡಿನ ವೀರಗಲ್ಲುಗಳೂ ಸಾಮಾನ್ಯ ಯೋಧನ ನೆನಪೂ

ಇತಿಹಾಸವೆಂದರೆ ಅರಸರ ವಂಶಾವಳಿ, ದಂಡಯಾತ್ರೆ, ಪಟ್ಟಾಭಿಷೇಕಗಳ ಕಥೆ ಎಂಬ ಭಾವನೆ ನಮ್ಮ ಶಾಲೆಯ ಮಕ್ಕಳಲ್ಲಿ ಬೇರೂರಿದೆ. ಯುದ್ಧವನ್ನು ಗೆದ್ದ ದೊರೆಯ ಹೆಸರು ಪಾಠದಲ್ಲಿ ಬರುತ್ತದೆ; ಅದೇ ಯುದ್ಧದಲ್ಲಿ ಮಡಿದ ಒಕ್ಕಲಮಗನ ಹೆಸರು ಬರುವುದಿಲ್ಲ. ಆದರೆ ರಾಯದುರ್ಗ, ಮಡಕಶಿರಾ ಸೀಮೆಗಳ ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಗಳ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳು ಬೇರೊಂದು ಇತಿಹಾಸವನ್ನೇ ಹೇಳುತ್ತವೆ. ಸತ್ತವನು ಯಾರು, ಯಾವ ಊರಿನವನು, ಯಾವ ಕಾರಣಕ್ಕೆ ಸತ್ತನು ಎಂಬುದನ್ನು ಅವು ದಾಖಲಿಸುತ್ತವೆ. ಗಡಿನಾಡಿನ ಉಪಾಧ್ಯಾಯರಾದ ನಾವು ಈ ಕಲ್ಲುಗಳ ಕಡೆಗೆ ಗಮನ ಹರಿಸಬೇಕಾದುದೇಕೆ ಎಂಬುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ನಾಡಿನ ಪರಿಚಯ. ಅನಂತಪುರ ಜಿಲ್ಲೆಯು ೧೮೮೨ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ರಾಯದುರ್ಗ ತಾಲ್ಲೂಕು ಆಗಲೂ ಬಳ್ಳಾರಿಯಲ್ಲೇ ಉಳಿದು, ೧೯೫೩ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಗೆರೆಗಳು ಹೀಗೆ ಬದಲಾದರೂ ಕಲ್ಲಿನ ಮೇಲಣ ಅಕ್ಷರ ಬದಲಾಗಿಲ್ಲ. ಈಗ ಅಮರಾಪುರಂ ಮಂಡಲದಲ್ಲಿರುವ ಹೇಮಾವತಿಯೇ ಶಾಸನಗಳ ಹೆಂಜೇರು. ನೊಳಂಬ ಅರಸರ ರಾಜಧಾನಿ. ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬರು ಮೆರೆದರು. ಅವರ ನೊಳಂಬವಾಡಿ ಮೂವತ್ತೆರಡು ಸಾಸಿರವು ಇಂದಿನ ಅನಂತಪುರ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳ ಭಾಗಗಳನ್ನು ಒಳಗೊಂಡಿತ್ತು. ಉತ್ತರಕ್ಕೆ ರಾಷ್ಟ್ರಕೂಟರು, ದಕ್ಷಿಣಕ್ಕೆ ಗಂಗರು, ಮೂಡಣ ದಿಕ್ಕಿನಲ್ಲಿ ಬಾಣರು. ಇಷ್ಟು ಜನರ ನಡುವೆ ಸಿಕ್ಕಿದ ನಾಡಿಗೆ ಕಾಳಗ ತಪ್ಪಿದ್ದಲ್ಲ. ಗಂಗ ಮಾರಸಿಂಹನು ತನ್ನನ್ನು ನೊಳಂಬಕುಲಾಂತಕನೆಂದು ಕರೆದುಕೊಂಡನು. ಅರಸರ ಬಿರುದುಗಳ ಹಿಂದೆ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ಬಿರುದು ಹೇಳುವುದಿಲ್ಲ. ಅದನ್ನು ತಿಳಿಯಲು ವೀರಗಲ್ಲುಗಳನ್ನೇ ಕೇಳಬೇಕು.

ವೀರಗಲ್ಲಿನ ಸ್ವರೂಪ ವಾಚಕರಿಗೆ ಅಪರಿಚಿತವಲ್ಲ. ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ಕಾಳಗದ ಚಿತ್ರ. ನಡುವೆ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುವ ಚಿತ್ರ. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಚಿತ್ರ, ಪಕ್ಕದಲ್ಲಿ ಸೂರ್ಯಚಂದ್ರರು. ಹಳೆಯ ಕಲ್ಲುಗಳಲ್ಲಿ ಒಂದೇ ಅಂತಸ್ತಿರುವುದೂ ಉಂಟು. ಸಾವಿನ ಕಾರಣಗಳಿಗೆ ಕನ್ನಡದಲ್ಲಿ ಪ್ರತ್ಯೇಕ ಮಾತುಗಳೇ ಇದ್ದವು. ದನಗಳನ್ನು ಹಗೆಗಳು ಹೊಡೆದುಕೊಂಡು ಹೋದಾಗ ತಡೆದು ಸತ್ತರೆ ತುರುಗೊಳ್. ಊರಿಗೆ ಮುತ್ತಿಗೆ ಬಿದ್ದಾಗ ಕಾದಿ ಸತ್ತರೆ ಊರಳಿವು. ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಸತ್ತರೆ ಪೆಣ್ಬುಯ್ಯಲ್. ದನ, ಊರು, ಹೆಣ್ಣುಮಕ್ಕಳು, ಈ ಮೂರೂ ಬಡವನ ಬಾಳಿಗೆ ಸೇರಿದ ಸಂಗತಿಗಳು. ಸಾಮ್ರಾಜ್ಯದ ವಿಸ್ತಾರಕ್ಕಾಗಿ ಸತ್ತವರಿಗೂ ಕಲ್ಲುಗಳುಂಟು. ಆದರೆ ಹಟ್ಟಿಯ ದನಕ್ಕಾಗಿ ಸತ್ತವನಿಗೂ ಕಲ್ಲುಂಟು ಎಂಬುದೇ ಈ ಸಂಪ್ರದಾಯದ ಹಿರಿಮೆ.

ಇನ್ನೊಂದು ಮುಖ್ಯ ವಿಷಯ. ನಮ್ಮ ಹಿರಿಯರು ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ. ವೀರನಿಗೆ ಇಲ್ಲವೆ ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟರು. ಹಲ್ಮಿಡಿ ಶಾಸನದಲ್ಲಿ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳು ದೊರೆತದ್ದು ಬಾಳ್ಗಳ್ಚು ಎಂಬ ಹೆಸರಿನಲ್ಲಿ. ಕಾದಿದವನ ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ಕೊಟ್ಟ ಕೊಡುಗೆ ಎಂದು ಅದರ ಅರ್ಥ. ಮುಂದೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳೂ ಬಂದವು. ನೆತ್ತರು ಚೆಲ್ಲಿದವನ ಮಕ್ಕಳು ಹಸಿದಿರಬಾರದು ಎಂಬ ಧರ್ಮ ಈ ಮಾತುಗಳಲ್ಲಿ ಅಡಗಿದೆ. ನೆನಪು ಎಂದರೆ ಹೊಗಳಿಕೆಯೊಂದೇ ಅಲ್ಲ, ಅದು ಊರಿನ ಮೇಲಣ ಒಂದು ಋಣ ಎಂಬುದನ್ನು ಅವರು ಬಲ್ಲವರಾಗಿದ್ದರು.

ಹಾಗೆಂದು ಹಿಂದಿನ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತೆಂದು ನಾವು ಹೇಳಲಾರೆವು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಸುಪ್ರಸಿದ್ಧವಾದುದು. ಗಂಗರ ಎರೆಯಪ್ಪನ ಆಜ್ಞೆಯಂತೆ ನೊಳಂಬರ ಅಯ್ಯಪದೇವನಿಗೆ ನೆರವಾಗಲು ಹೋಗಿ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಕಲ್ಲದು. ಹೆಂಜೇರಿನ ಅರಸನಿಗಾಗಿ ನಡೆದ ಕಾಳಗವಾದ್ದರಿಂದ ಅದು ನಮ್ಮ ಸೀಮೆಯ ಚರಿತ್ರೆಯೂ ಹೌದು. ಆ ಕಲ್ಲಿನಲ್ಲಿ ಆನೆ ಕುದುರೆಗಳ ನಡುವೆ ಕತ್ತಿ, ಬಿಲ್ಲು ಹಿಡಿದ ಕಾಲಾಳುಗಳೂ ಇದ್ದಾರೆ. ನಾಗತ್ತರನ ಹೆಸರು ಉಳಿಯಿತು, ಅವರ ಹೆಸರುಗಳಿಲ್ಲ. ದಂಡನಾಯಕನ ಕಲ್ಲಿನಲ್ಲಿ ಸಾಮಾನ್ಯ ಯೋಧನು ಬರಿಯ ಚಿತ್ರವಾದನು. ಆದ್ದರಿಂದಲೇ ಅವನಿಗಾಗಿಯೇ ನೆಟ್ಟ ಹಳ್ಳಿಯ ಚಿಕ್ಕ ಕಲ್ಲು, ಕೆತ್ತನೆ ಒರಟಾಗಿದ್ದರೂ, ನಮಗೆ ಹೆಚ್ಚು ಬೆಲೆಯುಳ್ಳದ್ದು.

ಅಂಥದೊಂದು ಕಲ್ಲು ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಂಡುಬಂದಿತು. ಗಂಗ ಶ್ರೀಪುರುಷನ ಕಾಲದ್ದು, ಕ್ರಿ. ಶ. ೭೫೦ರ ಸುಮಾರಿನದು. ರಟ್ಟವಾಡಿಯವರು ಮೇಲೆ ಬಿದ್ದಾಗ ಕಾದಿ ಸತ್ತ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಯಾವ ಗ್ರಂಥದಲ್ಲೂ ಇಲ್ಲದ ಕಿತ್ತಯ್ಯ ಒಂದು ಕಲ್ಲಿನಿಂದಾಗಿ ಸಾವಿರದ ಇನ್ನೂರು ವರ್ಷಗಳಾಚೆಗೂ ಉಳಿದನು. ಊರವರೂ ಶಾಸನಾಸಕ್ತರೂ ಕೂಡಿ ಅದನ್ನು ಕಾಪಾಡಿಕೊಂಡರು.

ಇದಕ್ಕೆ ಎದುರಾಗಿ ಇಪ್ಪತ್ತನೆಯ ಶತಮಾನವನ್ನು ನೋಡೋಣ. ಮೊದಲನೆಯ ಮಹಾಯುದ್ಧದ ತರುವಾಯ ಬ್ರಿಟಿಷ್ ಸರ್ಕಾರವು ಭಾರತದ ಅನೇಕ ಹಳ್ಳಿಗಳಲ್ಲಿ ಸ್ಮಾರಕ ಫಲಕಗಳನ್ನು ಹಾಕಿಸಿತು. ಈ ಗ್ರಾಮದಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂಬಷ್ಟೇ ಅವುಗಳ ಒಕ್ಕಣೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಭಾರತೀಯ ಸಿಪಾಯಿಗಳ ವಿಷಯದಲ್ಲಿ ರೆಜಿಮೆಂಟಿನ ಕೆಳಗೆ ಸಂಖ್ಯೆಯನ್ನು ಮಾತ್ರ ಕಾಣಿಸಿದರು. ಯುದ್ಧ ಸಮಾಧಿಗಳ ಆಯೋಗವೇ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ ಏಷ್ಯ, ಆಫ್ರಿಕಗಳ ಯೋಧರಿಗೆ ಸ್ಮರಣೆಯಲ್ಲಿ ಸಮಾನತೆ ದೊರೆಯಲಿಲ್ಲವೆಂಬುದನ್ನು ಒಪ್ಪಿಕೊಂಡಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇತ್ತು. ಆ ಯುದ್ಧದಲ್ಲಿ ಮಡಿದ ಮೈಸೂರಿನವರ ಹೆಸರುಗಳನ್ನು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಸ್ಮಾರಕದಲ್ಲಿ ಕೆತ್ತಿದ್ದಾರೆ. ವೀರಗಲ್ಲಿನ ನಾಡಿಗೆ ಅದು ಒಪ್ಪುವ ಕೆಲಸ.

ನಮ್ಮ ಕಾಲದ ಮಾತನ್ನೂ ಹೇಳಬೇಕು. ೨೦೨೫ರ ಮೇ ತಿಂಗಳಲ್ಲಿ ಜಮ್ಮು ಕಾಶ್ಮೀರದ ಗಡಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಮುರಳಿ ನಾಯಕ್ ಎಂಬ ಅಗ್ನಿವೀರ ಯೋಧನು ಹುತಾತ್ಮನಾದನು. ಅವನು ಮಡಕಶಿರಾ ಇರುವ ಜಿಲ್ಲೆಯದೇ ಗೋರಂಟ್ಲ ಮಂಡಲದ ಕಲ್ಲಿ ತಾಂಡಾದವನು. ಆಂಧ್ರ ಸರ್ಕಾರ ಆ ಕುಟುಂಬಕ್ಕೆ ಘೋಷಿಸಿದ ನೆರವಿನಲ್ಲಿ ಹಣದೊಡನೆ ಐದು ಎಕರೆ ಜಮೀನೂ ಸೇರಿತ್ತು. ಶಾಸನಗಳನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಹಳೆಯ ನೆತ್ತರುಗೊಡಗೆಯೇ ಇನ್ನೊಂದು ಹೆಸರಿನಲ್ಲಿ ಬಂದಿದೆ. ಹುಲ್ಲುಗಾವಲಿನ ತುರುಗೊಳ್ ಆಗಲಿ, ಹಿಮದ ಬೆಟ್ಟದ ಗಡಿಯಾಗಲಿ, ಮಗನನ್ನು ಕಳೆದುಕೊಂಡ ತಾಯಿಯ ದುಃಖ ಒಂದೇ.

ಇಷ್ಟಾದರೂ ನಮ್ಮ ಊರುಗಳ ವೀರಗಲ್ಲುಗಳ ಅವಸ್ಥೆ ಹೇಗಿದೆ? ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ಕೆಲವು ಚರಂಡಿಯ ಮೇಲೆ ಹಾಸಿವೆ. ಕೆಲವಕ್ಕೆ ಭಕ್ತಿಯಿಂದ ಬಳಿದ ಸುಣ್ಣವೂ ಎಣ್ಣೆಯೂ ಅಕ್ಷರವನ್ನು ನುಂಗಿವೆ. ನೊಳಂಬರ ದೇವತಾಮೂರ್ತಿಗಳು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಶಿವರಾಮಮೂರ್ತಿಯವರು ೧೯೬೪ರಲ್ಲಿ ಅವುಗಳ ಮೇಲೆ ಗ್ರಂಥ ಬರೆದರು. ದೇವರ ಮೂರ್ತಿಗೆ ದೊರೆತ ಆ ಆದರ ಬಡ ಯೋಧನ ಕಲ್ಲಿಗೆ ದೊರೆಯಲಿಲ್ಲ. ೧೯೩೯ರಲ್ಲಿ ಹೊರಬಂದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಮದರಾಸು ಪ್ರಾಂತದ ಕನ್ನಡ ಶಾಸನಗಳು ಅಚ್ಚಾಗಿವೆ. ಅನಂತಪುರದಲ್ಲೇ ಪ್ರಾಧ್ಯಾಪಕರಾಗಿದ್ದ ಆರ್. ಶೇಷಶಾಸ್ತ್ರಿಗಳು ಕರ್ನಾಟಕದ ವೀರಗಲ್ಲುಗಳ ಮೇಲೆ ಪಾಂಡಿತ್ಯಪೂರ್ಣ ಗ್ರಂಥವನ್ನೇ ರಚಿಸಿದ್ದಾರೆ. ಹಿರಿಯರು ಹಾಕಿದ ಈ ದಾರಿಯಲ್ಲಿ ನಡೆಯುವುದು ನಮಗೆ ಕಷ್ಟವಾಗಲಾರದು.

ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ಶಾಲೆಯಿರುವ ಊರಿನ ವೀರಗಲ್ಲುಗಳ ಪಟ್ಟಿಯೊಂದನ್ನು ಮಾಡಬೇಕು. ಕಲ್ಲು ಇರುವ ಸ್ಥಳ, ಅದರ ಎತ್ತರ ಅಗಲ, ಅಂತಸ್ತುಗಳು, ವೀರನ ಆಯುಧ, ದನಗಳ ಚಿತ್ರವಿದೆಯೇ ಇಲ್ಲವೇ ಎಂಬುದನ್ನು ಬರೆದುಕೊಳ್ಳಬೇಕು. ನೀರಿನಿಂದ ಮೆಲ್ಲಗೆ ತೊಳೆದು, ಸಂಜೆಯ ಓರೆ ಬಿಸಿಲಿನಲ್ಲಿ ಛಾಯಾಚಿತ್ರ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಉಳಿಯಿಂದ ಕೆರೆಯುವುದು, ಬಣ್ಣ ತುಂಬುವುದು ಕೂಡದು. ಆ ಕಲ್ಲನ್ನು ಊರಿನ ಮುದುಕರೂ ದನಗಾಹಿಗಳೂ ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು, ಕನ್ನಡವಾಗಲಿ ತೆಲುಗಾಗಲಿ, ಕೇಳಿದಂತೆಯೇ ಗುರುತು ಹಾಕಬೇಕು. ಅಕ್ಷರವಿರುವ ಕಲ್ಲಿನ ವಿಷಯವನ್ನು ಮೈಸೂರಿನ ಶಾಸನ ಇಲಾಖೆಗೆ ತಿಳಿಸಿದರೆ ಪಡಿಯಚ್ಚು ತೆಗೆಯಲು ಅನುಕೂಲವಾದೀತು.

ಈ ಕೆಲಸದಲ್ಲಿ ಭಾಷೆಯ ಜಗಳಕ್ಕೆ ಎಡೆಯಿಲ್ಲ. ಇಂದು ಆ ಕಲ್ಲಿನ ಮುಂದೆ ಆಡುವ ಮಕ್ಕಳಲ್ಲಿ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ಸತ್ತವನು ಅವರೆಲ್ಲರ ಊರಿನವನು. ಆದರೆ ಅವನ ಹೆಸರನ್ನು ಬರೆದಿರುವುದು ಹಳಗನ್ನಡದಲ್ಲಿ. ಅದನ್ನು ಓದಿ ಹೇಳುವವರು ಊರಿನಲ್ಲಿ ಒಬ್ಬರಾದರೂ ಇರಬೇಕಲ್ಲವೇ? ಗಡಿನಾಡಿನಲ್ಲಿ ಕನ್ನಡ ಶಾಲೆ ಉಳಿಯಬೇಕೆಂದು ನಾವು ಕೇಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಸೂರ್ಯಚಂದ್ರರಿರುವವರೆಗೆ ಈ ಹೆಸರು ನಿಲ್ಲಲಿ ಎಂದು ಹಿರಿಯರು ಕಲ್ಲಿನ ನೆತ್ತಿಯ ಮೇಲೆ ಅವರಿಬ್ಬರನ್ನೂ ಕೆತ್ತಿಸಿದರು. ಸೂರ್ಯಚಂದ್ರರು ತಮ್ಮ ಪಾಲಿನ ಕೆಲಸವನ್ನು ಮಾಡುತ್ತಿದ್ದಾರೆ. ಓದುವ ಕೆಲಸ ನಮ್ಮದು.